ನಾಲ್ಕು ಸರ್ವೊಗಳ ರೋಬೋ ಕೈ: ಕಿಟ್ ಕೊಳ್ಳಿ, ಬ್ಯಾಟರಿ ಎತ್ತಿಡಿ

ಕೇಂದ್ರ ಸರ್ಕಾರದ ನೆರವಿನಿಂದ ಶಾಲೆಗಳಲ್ಲಿ ನಡೆಯುವ ಅಟಲ್ ಟಿಂಕರಿಂಗ್ ಲ್ಯಾಬ್‌ಗಳಲ್ಲಿ ಕಾಣಸಿಗುವ ಕಿಟ್ ಇದು. 3 ಮಿ.ಮೀ. ಅಕ್ರಿಲಿಕ್‌ನಲ್ಲಿ ಕತ್ತರಿಸಿದ ಬಿಡಿಭಾಗಗಳು, ನಾಲ್ಕು ಎಸ್‌ಜಿ90 ಸರ್ವೊ ಮೋಟಾರು (ಹೇಳಿದ ಕೋನಕ್ಕೆ ತಿರುಗಿ ನಿಲ್ಲುವ ಪುಟ್ಟ ಮೋಟಾರು), ಅವನ್ನು ಪ್ರೋಗ್ರಾಂನಿಂದ ನಡೆಸುವ ಆರ್ಡುಯಿನೊ ಊನೊ ಮಾದರಿಯ ಬೋರ್ಡು, ಎರಡು ಜಾಯ್‌ಸ್ಟಿಕ್, ಒಂದು ಹಿಡಿ ಎಂ3 ಸ್ಕ್ರೂ, 9 ವೋಲ್ಟ್‌ನ ಚೌಕ ಬ್ಯಾಟರಿ. ಡಬ್ಬಿಯ ಮೇಲಿನ ಹೆಸರು ಯಾವುದೇ ಇರಲಿ, ಒಳಗಿನ ಸಾಮಾನು ಹೆಚ್ಚುಕಡಿಮೆ ಒಂದೇ.

ಗೋಳು ಶುರುವಾಗುವುದೇ ಆ ಬ್ಯಾಟರಿಯಿಂದ. ಒಂದು ಎಸ್‌ಜಿ90 ಎಲ್ಲಾದರೂ ಸಿಕ್ಕಿಕೊಂಡರೆ ಅರ್ಧ ಆಂಪಿಯರ್‌ಗಿಂತ ಹೆಚ್ಚು ಎಳೆಯುತ್ತದೆ. ನಾಲ್ಕೂ ಒಟ್ಟಿಗೆ ಹೊರಟರೆ ಚೌಕ ಬ್ಯಾಟರಿಗೆ ತಾಳುವ ಶಕ್ತಿ ಇಲ್ಲ. ವೋಲ್ಟೇಜ್ ಕುಸಿದು ಬೋರ್ಡು ರೀಸೆಟ್ ಆಗುತ್ತದೆ, ಕೈ ದಡಕ್ಕನೆ 90 ಡಿಗ್ರಿಗೆ ಹಾರುತ್ತದೆ, ಮತ್ತೆ ರೀಸೆಟ್. ಮಕ್ಕಳು ಪ್ರೋಗ್ರಾಂನಲ್ಲಿ ತಪ್ಪು ಹುಡುಕುತ್ತಾ ಒಂದು ಪೀರಿಯಡ್ ಕಳೆಯುತ್ತಾರೆ. ಯುಎಸ್‌ಬಿಯಿಂದಲೇ ನಡೆಸಿದರೂ ಅಷ್ಟೆ, ಊನೊದ ಫ್ಯೂಸ್ ಇರುವುದು 500 ಮಿಲಿ ಆಂಪಿಯರ್‌ಗೆ. 5 ವೋಲ್ಟ್ 3 ಆಂಪಿಯರ್‌ನ ಅಡಾಪ್ಟರ್ ತಂದು ಸರ್ವೊಗಳ ಕೆಂಪು ವೈರುಗಳನ್ನು ನೇರ ಅದಕ್ಕೇ ಕೊಡಿ. ಅದರ ಎರಡು ತುದಿಗಳ ನಡುವೆ 1000 ಮೈಕ್ರೊಫ್ಯಾರಡ್ 16 ವೋಲ್ಟ್ ಕೆಪಾಸಿಟರ್ ಇರಲಿ. ಕೆಪಾಸಿಟರ್‌ನ ಪಟ್ಟಿ ಇರುವ ಕಾಲು ಮೈನಸ್‌ಗೆ. ಅಡಾಪ್ಟರ್‌ನ ಗ್ರೌಂಡನ್ನು ಬೋರ್ಡಿನ ಗ್ರೌಂಡಿಗೆ ಸೇರಿಸಲು ಮರೆತರೆ ಸರ್ವೊ ಚಳಿ ಹಿಡಿದವರಂತೆ ನಡುಗುತ್ತದೆ.

ಜೋಡಣೆಯಲ್ಲಿ ಆಗುವ ದೊಡ್ಡ ತಪ್ಪು ಒಂದೇ: ಸರ್ವೊವನ್ನು 90 ಡಿಗ್ರಿಗೆ ತರದೆ ಹಾರ್ನ್ (ಮೋಟಾರಿನ ತುದಿಗೆ ಕೂರುವ ಪ್ಲಾಸ್ಟಿಕ್ ಪಟ್ಟಿ) ಸಿಕ್ಕಿಸುವುದು. ಹಾಗೆ ಮಾಡಿದರೆ ಭುಜ ಅರ್ಧ ದಾರಿಯಲ್ಲೇ ತಳಕ್ಕೆ ತಾಗಿ ಪ್ಲಾಸ್ಟಿಕ್ ಗೇರಿನ ಹಲ್ಲು ಹಾರುತ್ತದೆ. ಮೊದಲು ಬರಿ ಮೋಟಾರಿಗೆ 90 ಕಳಿಸಿ, ಆಮೇಲೆ ಹಾರ್ನ್ ಹಾಕಿ. ಅಕ್ರಿಲಿಕ್‌ನ ರಕ್ಷಣಾ ಕಾಗದ ಸುಲಿಯದೆ ಬಿಗಿದರೆ ಕೀಲು ಓಡಾಡದು. ಅತಿಯಾಗಿ ಬಿಗಿದರೆ ಸ್ಕ್ರೂ ತೂತಿನಿಂದಲೇ ಬಿರುಕು. ಮೋಟಾರು ಕಳಚಿದ ತೋಳು ತನ್ನ ಭಾರಕ್ಕೆ ತಾನೇ ಕೆಳಗಿಳಿಯಬೇಕು, ಅಷ್ಟು ಸಡಿಲ ಸಾಕು. ತೋಳಿನ ತುದಿಯ ಇಕ್ಕಳ, ಅಂದರೆ ಗ್ರಿಪ್ಪರ್, ವಸ್ತುವನ್ನು ಹಿಡಿದ ಮೇಲೆ 3–5 ಡಿಗ್ರಿ ಹಿಂದೆ ಬರುವಂತೆ ಬರೆಯಿರಿ, ಇಲ್ಲವಾದರೆ ಆ ಸರ್ವೊ ಸುಟ್ಟ ವಾಸನೆ ಬರುವವರೆಗೂ ಒತ್ತುತ್ತಲೇ ಇರುತ್ತದೆ. ಇದೇ ಬೋರ್ಡಿಗೆ ಎಲ್298ಎನ್ ಮೋಟಾರ್ ಡ್ರೈವರ್ ಹಾಕಿ ಆಟಿಕೆ ಕಾರನ್ನೂ ಓಡಿಸುವವರು ಗಮನಿಸಿ: ಆರ್ಡುಯಿನೊದ ಸರ್ವೊ ಲೈಬ್ರರಿ (ಸರ್ವೊ ನಡೆಸುವ ಸಿದ್ಧ ಕೋಡ್) ಬಳಸಿದಾಗ 9 ಮತ್ತು 10ನೇ ಪಿನ್‌ಗಳಲ್ಲಿ ವೇಗ ಏರಿಳಿಸುವ ಪಿಡಬ್ಲ್ಯುಎಂ ಸಂಕೇತ ಸಿಗುವುದಿಲ್ಲ, ವೇಗ ನಿಯಂತ್ರಣವನ್ನು 5 ಮತ್ತು 6ಕ್ಕೆ ಬದಲಿಸಿ.

ಇಷ್ಟೆಲ್ಲ ರಗಳೆಯ ಮೇಲೂ ಕಿಟ್ ಒಳ್ಳೆಯದೇ. ಕಾರ್ಖಾನೆಯ ರೋಬೋಗೆ ಕೆಲಸ ಕಲಿಸುವ ಕ್ರಮವನ್ನು ಇದರಲ್ಲಿ ಹಾಗೆಯೇ ತೋರಿಸಬಹುದು: ಜಾಯ್‌ಸ್ಟಿಕ್‌ನಿಂದ ಒಂದು ಜಾಗಕ್ಕೆ ಒಯ್ದು, ಗುಂಡಿ ಒತ್ತಿ ನೆನಪಿಡಿಸಿ, ಮರಳಿ ಆಡಿಸುವುದು. ಒಂದು ಬಿಂದುವಿಗೆ ನಾಲ್ಕು ಬೈಟು, ಪ್ರತಿ ಸರ್ವೊದ ಕೋನಕ್ಕೆ ಒಂದೊಂದು. ಊನೊದ 1024 ಬೈಟು ಇಇಪ್ರಾಮ್‌ನಲ್ಲಿ (ಕರೆಂಟು ಹೋದರೂ ಅಳಿಯದ ಮೆಮೊರಿ) 256 ಬಿಂದು ಹಿಡಿಯುತ್ತದೆ.

ಇನ್ನೂ ಒಳ್ಳೆಯ ಪಾಠ ಗ್ರಾಫ್ ಹಾಳೆಯದು. ಗ್ರಿಪ್ಪರ್‌ಗೆ ಸ್ಕೆಚ್ ಪೆನ್ ಕಟ್ಟಿ ಒಂದೇ ಬಿಂದುವಿಗೆ 20 ಸಲ ಕಳಿಸಿ. ಚುಕ್ಕಿಗಳು ಒಂದರ ಮೇಲೊಂದು ಬೀಳದೆ ಸಣ್ಣ ಗುಂಪಾಗಿ ಹರಡುತ್ತವೆ. ಕಾರಣವನ್ನು ಲೆಕ್ಕದಿಂದಲೇ ತೆಗೆಯಬಹುದು: ಎಸ್‌ಜಿ90ಯ ಡೆಡ್ ಬ್ಯಾಂಡ್, ಅಂದರೆ ಸಂಕೇತದ ಉದ್ದ ಬದಲಾದರೂ ಸರ್ವೊ ಅಲುಗದ ಅಂತರ, 10 ಮೈಕ್ರೊಸೆಕೆಂಡ್, ಲೈಬ್ರರಿಯ ಲೆಕ್ಕದಲ್ಲಿ ಅದು ಸುಮಾರು ಒಂದು ಡಿಗ್ರಿ, 20 ಸೆಂ.ಮೀ. ತೋಳಿನ ತುದಿಯಲ್ಲಿ 3.5 ಮಿ.ಮೀ. ಗೇರಿನ ಸಡಿಲ ಬೇರೆ. ಕಾರ್ಖಾನೆಯ ಸಣ್ಣ ಆರು ಅಕ್ಷದ ರೋಬೋ ಇದೇ ಕೆಲಸವನ್ನು ಸುಮಾರು 0.02 ಮಿ.ಮೀ. ಅಂತರದಲ್ಲಿ ಮಾಡುತ್ತದೆ. ಅಲ್ಲಿ ಪ್ರತಿ ಕೀಲಿನ ಎನ್‌ಕೋಡರ್ ತಾನೆಲ್ಲಿದ್ದೇನೆಂದು ನಿಯಂತ್ರಕಕ್ಕೆ ಹೇಳುತ್ತಿರುತ್ತದೆ. ಇಲ್ಲಿ ಸರ್ವೊ ತನ್ನೊಳಗೇ ಕೋನ ಅಳೆದುಕೊಳ್ಳುತ್ತದೆ, ಬೋರ್ಡಿಗೆ ಮಾತ್ರ ಸುದ್ದಿ ಇಲ್ಲ. ಅಡ್ಡ ಪುಸ್ತಕ ಇಟ್ಟರೂ ಪ್ರೋಗ್ರಾಂ ‘ಮುಟ್ಟಿದೆ’ ಎಂದುಕೊಂಡು ಮುಂದೆ ಹೋಗುತ್ತದೆ.

ಈ ಪ್ರಯೋಗದ ಸುಳಿವೂ ಕೈಪಿಡಿಯಲ್ಲಿ ಇಲ್ಲ. ಅದು ಬರಿ ಜೋಡಣೆಯ ಚಿತ್ರಗಳ ಪುಸ್ತಕ, ಅದೂ ಇಂಗ್ಲಿಷಿನಲ್ಲಿ. ಆರನೇ ತರಗತಿಯಿಂದ ಬಳಸುವ ಲ್ಯಾಬಿಗೆ ಇದು ಸಾಲದು.

ಅಟಲ್ ಲ್ಯಾಬ್‌ಗೆ ಸಿಗುವ 20 ಲಕ್ಷದಲ್ಲಿ 10 ಲಕ್ಷ ಸ್ಥಾಪನೆಗೆ, ಉಳಿದದ್ದು ಐದು ವರ್ಷದವರೆಗಿನ ನಿರ್ವಹಣೆಗೆ. 2025ರ ಬಜೆಟ್‌ನಲ್ಲಿ ಸರ್ಕಾರಿ ಶಾಲೆಗಳಿಗೆ ಇನ್ನೂ 50,000 ಲ್ಯಾಬ್ ಘೋಷಣೆಯಾಗಿದೆ. ಖರೀದಿ ಪಟ್ಟಿ ಬರೆಯುವವರು ಹತ್ತು ಕೈಗಳ ಬದಲು ಆರು ತೆಗೆದುಕೊಂಡು, ಉಳಿದ ಹಣವನ್ನು ಅಡಾಪ್ಟರ್‌ಗೂ ಬಿಡಿ ಸರ್ವೊಗಳಿಗೂ ಇಡುವುದು ವಾಸಿ. ಒಂದು ಕೈಗೆ ನಾಲ್ಕು ಬಿಡಿ ಸರ್ವೊ, ಎರಡು ಡೇಟಾ ಕೇಬಲ್ ಬೇಕೇ ಬೇಕು. ಬರಿ ಚಾರ್ಜಿಂಗ್ ಕೇಬಲ್ ಆದರೆ ಬೋರ್ಡಿನ ದೀಪ ಉರಿಯುತ್ತದೆ, ಪೋರ್ಟ್ ಮಾತ್ರ ಕಾಣುವುದಿಲ್ಲ. ಕೇಬಲ್ ಸರಿಯಿದ್ದೂ ಕಾಣದಿದ್ದರೆ ಕಂಪ್ಯೂಟರಿಗೆ ಸಿಎಚ್340 (ಇಂಥ ಹಲವು ಬೋರ್ಡುಗಳ ಯುಎಸ್‌ಬಿ ಚಿಪ್) ಡ್ರೈವರ್ ಹಾಕಿ ನೋಡಿ.