ತೋಟದ ತಲೆಯ ಮಣ್ಣಿನ ಒಡ್ಡು: ಎರಡು ಮಳೆಗಾಲ ಕಳೆದ ಮೇಲೆ

ಶಿರಸಿ ಕಡೆ ಸ್ವಂತ ಒಡ್ಡು ಕಟ್ಟಿಸುವ ಯೋಚನೆ ಇರುವವರು ದಯವಿಟ್ಟು ಓದಿ. ನಮ್ಮದು ಒಂದೂವರೆ ಎಕರೆ ಅಡಿಕೆ ತೋಟ, ಮೇಲೆ ಸೊಪ್ಪಿನ ಬೆಟ್ಟ, ನಡುವೆ ಸಣ್ಣ ಕಣಿವೆ. ಅದಕ್ಕೆ ಅಡ್ಡವಾಗಿ ನೀರು ನಿಲ್ಲಿಸಲು 12 ಅಡಿ ಎತ್ತರದ ಒಡ್ಡು. ಎರಡು ಸಲ ಕಟ್ಟಿಸಬೇಕಾಯಿತು.

ಮೊದಲು ಬಂದವರು ಹಿಟಾಚಿ ತಂದು 4 ದಿನದಲ್ಲಿ ಮುಗಿಸಿದರು. ಬೇರು, ದರಕು (ಒಣಗಿದ ಎಲೆ) ಯಾವುದನ್ನೂ ತೆಗೆಯದೆ ಅದರ ಮೇಲೇ ಮಣ್ಣು ಸುರಿದು, ಹಿಟಾಚಿಯನ್ನೇ ಹಿಂದೆ ಮುಂದೆ ಓಡಿಸಿ ಗಟ್ಟಿ ಆಯ್ತು ಅಂದರು. ಚೈನಿನ ಗಾಡಿಯ ಭಾರ ಅಗಲಕ್ಕೆ ಹಂಚಿಹೋಗುತ್ತದೆ, ಮಣ್ಣು ಕೂರುವುದಿಲ್ಲ. ಜುಲೈನಲ್ಲಿ ತೂಬಿನ, ಅಂದರೆ ಒಡ್ಡಿನೊಳಗಿಂದ ನೀರು ಬಿಡುವ ಪೈಪಿನ ಪಕ್ಕ ಬೆರಳು ಗಾತ್ರದ ನೀರು ಶುರುವಾಯಿತು. ತಿಳಿ ನೀರು ಜಿನುಗಿದರೆ ಅಷ್ಟು ಭಯವಿಲ್ಲ, ಇದು ಕೆಂಪಗೆ ಬರುತ್ತಿತ್ತು, ಅಂದರೆ ಒಡ್ಡಿನ ಹೊಟ್ಟೆಯ ಮಣ್ಣೇ ತೊಳೆದು ಹೋಗುತ್ತಿದೆ. ಕೆಳಗೆ ಅಣ್ಣನ ತೋಟ. ರಾತ್ರಿಯಿಡೀ ಟಾರ್ಚ್ ಹಿಡಿದು ಅಲ್ಲೇ ಕೂತಿದ್ದೆವು, ಬೆಳಿಗ್ಗೆ ಪಂಪ್ ಇಟ್ಟು ನೀರು ಇಳಿಸಿದೆವು. ಕಟ್ಟಿದವರು ಫೋನ್ ಎತ್ತಲಿಲ್ಲ.

ಮರುವರ್ಷ ಬೇರೆ ತಂಡ. ಅದರಲ್ಲಿ ಒಬ್ಬರು ಹಿರಿಯರು ಮಣ್ಣನ್ನು ಮುಷ್ಟಿಯಲ್ಲಿ ಹಿಂಡಿ ಉಂಡೆ ಮಾಡಿ ಎದೆಮಟ್ಟದಿಂದ ಕೆಳಗೆ ಬಿಟ್ಟರು. ಪುಡಿಪುಡಿ ಆಯಿತು. "ತಮ್ಮಾ, ಮಣ್ಣು ಒಣಗಿದೆ, ನೀರು ಹೊಡೆಸು" ಅಂದರು. ನನಗೆ ಆಗಲೇ ನಂಬಿಕೆ ಬಂತು. ಹಳೆಯದನ್ನು ಪೂರ್ತಿ ಬಿಚ್ಚಿ, ಬುಡದಲ್ಲಿ ಗಟ್ಟಿ ನೆಲ ಸಿಗುವವರೆಗೆ ತೋಡಿ ಜೇಡಿ ಮಣ್ಣು ತುಂಬಿದರು. ಅರ್ಧ ಅಡಿ ಮಣ್ಣು ಹಾಸುವುದು, ನೀರು ಹೊಡೆಯುವುದು, ರೋಲರ್ ಓಡಿಸುವುದು, ಮತ್ತೆ ಅರ್ಧ ಅಡಿ. ಪೈಪಿನ ಸುತ್ತ ರೋಲರ್ ಹೋಗುವುದಿಲ್ಲ ಅಲ್ವಾ, ಅಲ್ಲಿ ಇಬ್ಬರು ದಿಮ್ಮಸು ಹಿಡಿದು ಕೈಯಲ್ಲೇ ಬಡಿದರು. ಹೆಚ್ಚಾದ ನೀರು ಹೊರಗೆ ಹರಿಯುವ ಕೋಡಿಯನ್ನು ಹೊಸ ಮಣ್ಣಿನ ಮೇಲೆ ಬಿಡದೆ ಪಕ್ಕದ ಚಿರೆಕಲ್ಲಿನ ನೆಲದಲ್ಲಿ, ಒಡ್ಡಿನ ಏರಿಗಿಂತ 3 ಅಡಿ ತಗ್ಗಿಗೆ ಕಡಿದರು.

ಏರಿ ಮೇಲೆ ತೆಂಗು ನೆಡುತ್ತೇನೆ ಅಂದಾಗ ಬೇಡವೇ ಬೇಡ ಅಂದರು, ಬೇರಿನ ದಾರಿಯಲ್ಲೇ ನೀರು ನುಗ್ಗುತ್ತದಂತೆ. ಹುಲ್ಲು ಮಾತ್ರ ಹಾಕಿದ್ದೇವೆ. ಹುಲ್ಲು ಹಾಕುವ ಕೆಲಸ ಆ ತಂಡದವರು ಮಾಡಿಕೊಡುವುದಿಲ್ಲ. ಈ ಸಲ ಒಡ್ಡಿಗೆ 19 ದಿನ ಹಿಡಿಯಿತು, ಖರ್ಚೂ ಜಾಸ್ತಿ. ಏಡಿ ಬಿಲ ನೋಡಲು ಈಗಲೂ ವಾರಕ್ಕೊಮ್ಮೆ ಸುತ್ತು ಹಾಕುತ್ತೇನೆ.

ಈ ಮೇ ಮೂರನೇ ವಾರದಲ್ಲೂ ತೂಬಿನ ಮೇಲೆ 2 ಅಡಿ ನೀರಿತ್ತು. ಪೈಪಿನ ಪಕ್ಕ ಕೈ ಇಟ್ಟು ನೋಡಿದೆ, ಮಣ್ಣು ಒಣಗಿತ್ತು.