ಡಿಎಫ್‌ನ ಒಂದು ಸಾಲು, ಮೂರು ವೇರಿಯಬಲ್: ನನ್ನ ವೋಟು ರೀಡ್‌ಗೆ

ಬ್ಯಾಕಪ್ ಶುರುವಾಗುವ ಮೊದಲು ಡಿಸ್ಕಿನಲ್ಲಿ ಜಾಗ ಇದೆಯೇ ಎಂದು ನೋಡುವ ಪುಟ್ಟ ಶೆಲ್ ಸ್ಕ್ರಿಪ್ಟ್ ಇದು. ಡಿಸ್ಕಿನ ಜಾಗದ ಲೆಕ್ಕ ತೋರಿಸುವ ಡಿಎಫ್ ಕಮಾಂಡ್ ಕೊಡುವ ಕೊನೆಯ ಸಾಲಿನಿಂದ ಒಟ್ಟು, ಬಳಸಿದ್ದು, ಉಳಿದದ್ದು ಮೂರೂ ಬೇರೆ ಬೇರೆ ವೇರಿಯಬಲ್‌ಗೆ ಬರಬೇಕು. ಸಾಲು ಒಡೆಯಲು ಕಟ್, ಆಕ್, ಸೆಟ್, ರೀಡ್ ಎಂಬ ಕಮಾಂಡ್‌ಗಳ ನಾಲ್ಕೂ ದಾರಿ ಹಿಡಿದು ನೋಡಿ ರೀಡ್‌ಗೇ ಅಂಟಿಕೊಂಡಿದ್ದೇನೆ.

ಕಟ್ ಇಲ್ಲಿ ಬೇಡವೇ ಬೇಡ. ಅದಕ್ಕೆ ಒಂದೊಂದು ಸ್ಪೇಸೂ ಒಂದೊಂದು ಗಡಿ. ಡಿಎಫ್ ಕಾಲಂ ನೇರ ಮಾಡಲು ಸ್ಪೇಸ್ ಸುರಿದಿರುತ್ತದೆ, ಹಾಗಾಗಿ ಮೂರನೇ ಫೀಲ್ಡ್ ಕೇಳಿದರೆ ಸಿಗುವುದು ಬರೀ ಖಾಲಿ.

ಆಕ್ ಬಲು ಜಾಣ, ಸ್ಪೇಸ್ ಎಷ್ಟಿದ್ದರೂ ಕೇರ್ ಮಾಡುವುದಿಲ್ಲ. ಆದರೆ ಬಹಳ ಜನ ಅಂಕಿಗೊಂದರಂತೆ ಡಿಎಫ್ ಮತ್ತು ಆಕ್ ಎರಡನ್ನೂ ಮತ್ತೆ ಮತ್ತೆ ಓಡಿಸುತ್ತಾರೆ. ನಡುವೆ ಯಾವುದೋ ಲಾಗ್ ಬೆಳೆದರೆ ಲೆಕ್ಕ ತಾಳೆಯಾಗದು.

ಸೆಟ್ ಸಾಲನ್ನು ಒಡೆದು ಸ್ಕ್ರಿಪ್ಟಿನ ಆರ್ಗ್ಯುಮೆಂಟ್‌ಗಳ ಜಾಗದಲ್ಲಿ ಕೂರಿಸುತ್ತದೆ: ಔಟ್‌ಪುಟ್‌ನಲ್ಲಿ ನಕ್ಷತ್ರದ ಗುರುತಿದ್ದರೆ ಫೈಲ್ ಹೆಸರುಗಳು ಬಂದು ಕೂರುತ್ತವೆ, ಸ್ಕ್ರಿಪ್ಟಿಗೆ ಕೊಟ್ಟ ಆರ್ಗ್ಯುಮೆಂಟ್‌ಗಳೂ ಅಳಿಸಿಹೋಗುತ್ತವೆ.

ರೀಡ್ ಆದರೋ ಒಂದೇ ಏಟಿಗೆ ಎಲ್ಲ ವೇರಿಯಬಲ್ ತುಂಬುತ್ತದೆ, ಮಿಕ್ಕಿದ್ದೆಲ್ಲ ಕೊನೆಯದಕ್ಕೆ ಸೇರುತ್ತದೆ. ಕಿರಿಕ್ ಇರುವುದು ಒಂದು ಕಮಾಂಡಿನ ಔಟ್‌ಪುಟ್ಟನ್ನು ಮುಂದಿನದಕ್ಕೆ ಹರಿಸುವ ಪೈಪ್‌ನಲ್ಲಿ. ಡಿಎಫ್ ಬರೆದು, ಪೈಪ್ ಹಾಕಿ, ರೀಡ್ ಬರೆದರೆ ಬ್ಯಾಷ್ ಎಂಬ ಶೆಲ್ ಆ ರೀಡನ್ನು ಸಬ್‌ಶೆಲ್‌ನಲ್ಲಿ, ಅಂದರೆ ತನ್ನದೇ ಬೇರೊಂದು ಪ್ರತಿಯಲ್ಲಿ, ಓಡಿಸುತ್ತದೆ. ಮೌಲ್ಯಗಳು ಅಲ್ಲಿಯೇ ಹುಟ್ಟಿ ಅಲ್ಲಿಯೇ ಸಾಯುತ್ತವೆ. ಮುಂದಿನ ಸಾಲಿನಲ್ಲಿ ಎಕೋ ಮಾಡಿ ಮೌಲ್ಯ ತೋರಿಸಹೋದರೆ ಏನೂ ಇಲ್ಲ, ಎರರ್ ಕೂಡ ಇಲ್ಲ.

ಇನ್ನೂ ತಲೆಕೆಡಿಸುವ ಸಂಗತಿ: ಝಡ್‌ಶೆಲ್ ಎಂಬ ಇನ್ನೊಂದು ಶೆಲ್‌ನಲ್ಲಿ ಇದೇ ಸಾಲು ಸಲೀಸಾಗಿ ನಡೆಯುತ್ತದೆ, ಅದು ಪೈಪಿನ ಕೊನೆಯ ತುಂಡನ್ನು ತಾನೇ ಓಡಿಸುತ್ತದೆ. 2019ರಿಂದ ಮ್ಯಾಕ್‌ನ ಡೀಫಾಲ್ಟ್ ಶೆಲ್ ಅದೇ. ಟರ್ಮಿನಲ್‌ನಲ್ಲಿ ಸರಿ ಬಂದದ್ದು ಬ್ಯಾಷ್ ಸ್ಕ್ರಿಪ್ಟಿನಲ್ಲಿ ಕೈಕೊಡುವುದು ಹೀಗೆ. ಬ್ಯಾಷ್ 4.2ರಲ್ಲಿ ಇದಕ್ಕೆ ಲಾಸ್ಟ್‌ಪೈಪ್ ಎಂಬ ಆಯ್ಕೆ ಬಂತು, ಆದರೆ ಮ್ಯಾಕ್ ಜೊತೆಗೆ ಬರುವ ಬ್ಯಾಷ್ ಇನ್ನೂ 3.2!

ಪೈಪ್ ಬಿಟ್ಟು, ಕಮಾಂಡಿನ ಔಟ್‌ಪುಟ್ಟನ್ನು ಫೈಲಿನಂತೆ ಓದಿಸುವ ಪ್ರೋಸೆಸ್ ಸಬ್‌ಸ್ಟಿಟ್ಯೂಷನ್ ಹಾಕಿದರೆ ರಗಳೆ ಮುಗಿಯಿತು. ಡೆಬಿಯನ್, ಉಬುಂಟು ಲಿನಕ್ಸ್‌ಗಳ ಡ್ಯಾಷ್ ಎಂಬ ಪುಟ್ಟ ಶೆಲ್‌ನಲ್ಲಿ ಮಾತ್ರ ಅದು ಇಲ್ಲ. ಅಲ್ಲಿ ಹಿಯರ್-ಡಾಕ್ (ಸ್ಕ್ರಿಪ್ಟಿನೊಳಗೇ ಬರೆದು ಇನ್‌ಪುಟ್ ಆಗಿ ಕೊಡುವ ಸಾಲುಗಳು) ಒಳಗೆ ಕಮಾಂಡ್ ಇಟ್ಟು ರೀಡ್‌ಗೆ ಕೊಡಬೇಕು. ನೋಡಲು ಚೆಂದವಿಲ್ಲ, ಆದರೆ ಎಲ್ಲ ಕಡೆ ನಡೆಯುತ್ತದೆ. ನನ್ನ ಹಳೇ ಲ್ಯಾಪ್‌ಟಾಪು, ಅಗ್ಗದ ಸರ್ವರು, ಎರಡಕ್ಕೂ ಒಂದೇ ಫೈಲ್ ಸಾಕಾಗುವುದರಿಂದ ನಾನು ಬಳಸುವುದು ಇದನ್ನೇ.

ಡಿಎಫ್ ಏನೂ ಕೊಡದೆ ಸೋತಾಗ ಪ್ರೋಸೆಸ್ ಸಬ್‌ಸ್ಟಿಟ್ಯೂಷನ್ ಆದರೆ ರೀಡ್ ಕೂಡ ಸೋಲುತ್ತದೆ, ಗೊತ್ತಾಗುತ್ತದೆ. ಹಿಯರ್-ಡಾಕ್‌ನಲ್ಲಿ ಒಂದು ಖಾಲಿ ಸಾಲು ಉಳಿದು ರೀಡ್ ಗೆದ್ದೆ ಅನ್ನುತ್ತದೆ. ಅದಕ್ಕೇ ಉಳಿದ ಜಾಗದ ವೇರಿಯಬಲ್ ಖಾಲಿಯಿದೆಯೇ ಎಂದು ಮರುಸಾಲಿನಲ್ಲೇ ನೋಡಿ, ಖಾಲಿಯಿದ್ದರೆ ಸ್ಕ್ರಿಪ್ಟ್ ಅಲ್ಲಿಗೇ ನಿಲ್ಲಿಸುತ್ತೇನೆ.