ಬಂಗಿಗೆ ‘ಲೇಸರ್’ ಮಾಡಿಸಲು ಹೊರಟಿದ್ದೀರಾ? ಮೊದಲು ಇದನ್ನು ಓದಿ

ಮುಖದ ಮೇಲೆ ಬಂಗು ಬಂದಿದೆ, ಲೇಸರ್ ಮಾಡಿಸಿದರೆ ಹೋಗುತ್ತದಂತೆ ಅಂತ ಶಿವಮೊಗ್ಗಕ್ಕೆ ಹೊರಟಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ನನ್ನ ಎರಡೂ ಕೆನ್ನೆ ಸುಟ್ಟಿವೆ. ನನಗೆ ಮಾಡಿದ್ದು ಲೇಸರ್ ಕೂಡ ಆಗಿರಲಿಲ್ಲ, ಬೇರೆಯೇ ಮೆಷಿನ್ ಅಂತ ಗೊತ್ತಾಗಿದ್ದು ಸುಟ್ಟ ಮೇಲೆ. ಕಲೆ ನೋಡಿ ‘ಇದು ಇಂಥದ್ದು’ ಅಂತ ಹೇಳಬಲ್ಲ ಚರ್ಮದ ಡಾಕ್ಟರ್ ಇಲ್ಲದ ಕಡೆ ಮುಖಕ್ಕೆ ಯಾವ ಮೆಷಿನ್ನಿನ ಬೆಳಕೂ ಬೀಳಬಾರದು. ಯಾಕೆ ಅಂತ ಹೇಳುತ್ತೇನೆ.

ನಮ್ಮದು ತೀರ್ಥಹಳ್ಳಿ ಕಡೆ. ಎರಡನೇ ಮಗು ಹೊಟ್ಟೆಯಲ್ಲಿದ್ದಾಗ ಕೆನ್ನೆ ಮೇಲೆ ಬಂಗು ಶುರುವಾಯಿತು. ಹೆರಿಗೆ ಆದ ಮೇಲೂ ಹೋಗಲಿಲ್ಲ. ಕೊಯ್ಲಿನ ಕಾಲದಲ್ಲಿ ಒಲೆ ಮುಂದೆ ಅಡಿಕೆ ಬೇಯಿಸುವುದು, ಅಂಗಳದಲ್ಲಿ ಹರವುವುದು ಇದ್ದೇ ಇರುತ್ತದಲ್ವಾ, ಪ್ರತಿ ಕೊಯ್ಲಿಗೂ ಬಣ್ಣ ಇನ್ನಷ್ಟು ಗಾಢವಾಗುತ್ತಿತ್ತು. ತಮ್ಮನ ಮದುವೆ ಹತ್ತಿರ ಬಂದಾಗ ಶಿವಮೊಗ್ಗದ ಒಂದು ಸ್ಕಿನ್ ಕ್ಲಿನಿಕ್‌ಗೆ ಹೋದೆ. ದೂರು ವಿಚಾರಣೆಯಲ್ಲಿರುವುದರಿಂದ ಹೆಸರು ಬರೆಯುವುದಿಲ್ಲ.

ಗೋಡೆ ಮೇಲೆ ಡಾಕ್ಟರ ಫೋಟೋ ಇತ್ತು, ಡಾಕ್ಟರ್ ಇರಲಿಲ್ಲ. ಬಿಳಿ ಕೋಟು ಹಾಕಿದ್ದ ಹುಡುಗಿ ಮೇಜಿನ ಆ ಕಡೆಯಿಂದಲೇ ನೋಡಿ, “ಪಿಗ್ಮೆಂಟೇಶನ್ ಮೇಡಂ, ಲೇಸರ್‌ನಲ್ಲಿ ಕ್ಲಿಯರ್ ಆಗುತ್ತೆ” ಅಂದಳು. ಆರು ಸಿಟ್ಟಿಂಗ್ ಪ್ಯಾಕೇಜ್, ಮೊದಲೇ ಪೂರ್ತಿ ಕಟ್ಟಿದರೆ ಡಿಸ್ಕೌಂಟ್. ಯಾವ ಮುಲಾಮು ಹಚ್ಚುತ್ತಿದ್ದೀರಿ, ಯಾವ ಮಾತ್ರೆ ತಗೊಳ್ತೀರಿ, ಬಿಸಿಲಲ್ಲಿ ಕೆಲಸ ಇದೆಯಾ, ಒಂದನ್ನೂ ಕೇಳಲಿಲ್ಲ. ಆಗ ನಾನು ಗರ್ಭ ತಡೆಯುವ ಮಾತ್ರೆ ತಗೊಳ್ಳುತ್ತಿದ್ದೆ. ಬಂಗು ಹೆಚ್ಚಾಗಲು ಅದೂ ಒಂದು ಕಾರಣ ಅಂತ ಮುಂದೆ ಗೊತ್ತಾಯಿತು.

ಕಣ್ಣಿಗೆ ಕನ್ನಡಕ ಹಾಕಿ, ಕೆನ್ನೆಗೆ ತಣ್ಣನೆ ಜೆಲ್ ಬಳಿದು, ಚೌಕದ ಗಾಜು ಇರುವ ಒಂದು ಹಿಡಿಯನ್ನು ಒತ್ತಿದರು. ಕಣ್ಣು ಮುಚ್ಚಿದ್ದರೂ ಪಳ್ ಅಂತ ಬೆಳಕು ಕಂಡಿತು. “ರಬ್ಬರ್ ಬ್ಯಾಂಡ್ ಬಡಿದ ಹಾಗೆ ಅನಿಸುತ್ತೆ ಅಷ್ಟೇ” ಅಂದಿದ್ದರು. ಅದು ಅಷ್ಟೇ ಆಗಿರಲಿಲ್ಲ. ಮೇಲ್ದುಟಿಯ ಕೂದಲು ಸುಟ್ಟ ವಾಸನೆ ಮೂಗಿಗೆ ಬಂತು. ಉರಿ ತಡೆಯೋಕೆ ಆಗ್ತಿಲ್ಲ, ನಿಲ್ಲಿಸಿ ಅಂದೆ. “ಉರಿದರೇನೇ ಮೇಡಂ ಕೆಲಸ ಮಾಡೋದು” ಅಂತ ಹೇಳಿ ಆ ಹುಡುಗಿ ಇನ್ನೊಂದು ಕೆನ್ನೆಗೆ ಹೋದಳು. ಈ ಮಾತು ಕೇಳಿದ ಕೂಡಲೇ ಎದ್ದು ಬನ್ನಿ. ಸ್ವಲ್ಪ ಚುರುಕ್ ಅನ್ನುವುದು ಬೇರೆ. ಉರಿ ಏರುತ್ತಾ ಹೋದರೆ ಅದು ಚರ್ಮ ಸುಡುತ್ತಿರುವ ಲಕ್ಷಣ. ಗೊತ್ತಿರುವವರು ಅಲ್ಲೇ ನಿಲ್ಲಿಸಿ ತಣ್ಣಗಿನ ಪಟ್ಟಿ ಇಡುತ್ತಾರೆ.

ಬಸ್ಸು ಮಂಡಗದ್ದೆ ದಾಟುವಷ್ಟರಲ್ಲಿ ಕೆನ್ನೆ ಊದಿತ್ತು. ಬೆಳಿಗ್ಗೆ ಕನ್ನಡಿಯಲ್ಲಿ ನೋಡಿದರೆ ಎರಡೂ ಕಡೆ ಚೌಕ ಚೌಕ ಗುರುತು. ಗಾಜು ಒತ್ತಿದ ಜಾಗವೆಲ್ಲ ಕೆಂಪು ಮಿಶ್ರಿತ ಕಂದು, ಎರಡು ಚೌಕದ ನಡುವೆ ನನ್ನದೇ ಬಣ್ಣದ ಸಣ್ಣ ಗೆರೆ. ಕೆನ್ನೆಮೂಳೆ ಮೇಲೆ ನೀರು ತುಂಬಿದ ಬೊಬ್ಬೆ. ಫೋನ್ ಮಾಡಿದರೆ, “ನಾರ್ಮಲ್ ಮೇಡಂ, ಹಕ್ಕಳೆ ಉದುರಿದ ಮೇಲೆ ಬೆಳ್ಳಗಾಗುತ್ತೆ” ಅಂದರು. ಹಚ್ಚಿಕೊಳ್ಳಲು ಅವರು ಕೊಟ್ಟಿದ್ದ ಬಿಳಿ ಡಬ್ಬಿಯ ಮೇಲೆ ಔಷಧದ ಹೆಸರೇ ಇರಲಿಲ್ಲ. ಹಕ್ಕಳೆ ಉದುರಿತು. ಅದರ ಕೆಳಗೆ ಬಂದ ಬಣ್ಣ ಮೊದಲಿನ ಬಂಗಿಗಿಂತ ಕಪ್ಪು. ಮದುವೆ ಫೋಟೋಗಳಲ್ಲಿ ನಾನು ಎಲ್ಲೂ ಇಲ್ಲ.

ಆಮೇಲೆ ತೋರಿಸಿದ ಚರ್ಮದ ಡಾಕ್ಟರು ಡರ್ಮಾಸ್ಕೋಪ್ (ಚರ್ಮವನ್ನು ದೊಡ್ಡದಾಗಿ ತೋರಿಸುವ ದೀಪವಿರುವ ಮಸೂರ) ಇಟ್ಟು ನಿಧಾನವಾಗಿ ನೋಡಿದರು. ಚೌಕದ ಗುರುತು ಕಂಡ ಕೂಡಲೇ, “ಇದು ಐಪಿಎಲ್, ಲೇಸರ್ ಅಲ್ಲಮ್ಮ” ಅಂದರು. ಇಂಟೆನ್ಸ್ ಪಲ್ಸ್ಡ್ ಲೈಟ್ ಅಂತ ಅದರ ಪೂರ್ತಿ ಹೆಸರು. ಲೇಸರ್‌ನಲ್ಲಿ ಬರುವುದು ಒಂದೇ ತರಂಗಾಂತರದ, ಅಂದರೆ ಒಂದೇ ಬಗೆಯ ಬೆಳಕು. ಐಪಿಎಲ್ ಜೋರಾದ ಒಂದು ಫ್ಲಾಶ್ ದೀಪ. ಸುಮಾರು 500ರಿಂದ 1200 ನ್ಯಾನೋಮೀಟರ್ ತರಂಗಾಂತರದವರೆಗಿನ ಬೆಳಕು ಅದರಲ್ಲಿ ಬೆರೆತು ಬರುತ್ತದೆ, ಮುಂದೆ ಫಿಲ್ಟರ್ ಹಾಕಿ ಬೇಕಾದಷ್ಟನ್ನು ಮಾತ್ರ ಹಾಯಲು ಬಿಡಬೇಕು. ಇವೆರಡೂ ಕೆಲಸ ಮಾಡುವ ಬಗೆ ಮಾತ್ರ ಒಂದೇ. ಚರ್ಮದಲ್ಲಿ ಬಣ್ಣ ಎಲ್ಲಿದೆಯೋ ಅದು ಬೆಳಕನ್ನು ಹೀರಿಕೊಂಡು ಬಿಸಿಯಾಗುತ್ತದೆ. ಬೆಳ್ಳಗಿನ ಚರ್ಮದಲ್ಲಿ ಹೆಚ್ಚಾಗಿ ಕಲೆಯೇ ಬಿಸಿಯಾಗುತ್ತದೆ. ನಮ್ಮಂಥ ಚರ್ಮದಲ್ಲಿ ಕಲೆಯ ಸುತ್ತಲಿನ ಜಾಗದಲ್ಲೂ ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಇದೆಯಲ್ಲ, ಅದೂ ಬಿಸಿಯಾಗುತ್ತದೆ. ಚರ್ಮ ಬಿಸಿಲಿಗೆ ಹೇಗೆ ಸ್ಪಂದಿಸುತ್ತದೆ ಅಂತ ನೋಡಿ ಬಗೆ ಮಾಡುವ ಫಿಟ್ಜ್‌ಪ್ಯಾಟ್ರಿಕ್ ಪಟ್ಟಿ 1975ರಿಂದ ಇದೆ, ಒಟ್ಟು ಆರು ಬಗೆ. ನಮ್ಮಲ್ಲಿ ಬಹಳಷ್ಟು ಜನ ನಾಲ್ಕು, ಐದನೆಯದಕ್ಕೆ ಸೇರುತ್ತೇವೆ. ಯಾವ ಮೆಷಿನ್, ಎಷ್ಟು ಜೋರು, ಗಾಜಿಗೆ ಎಷ್ಟು ತಂಪು ಅನ್ನುವುದೆಲ್ಲ ಅದನ್ನು ನೋಡಿ ನಿರ್ಧಾರ ಆಗಬೇಕು. ನನ್ನ ಚರ್ಮ ಯಾವ ಬಗೆ ಅಂತ ಆ ಕ್ಲಿನಿಕ್‌ನಲ್ಲಿ ಯಾರೂ ನೋಡಲೇ ಇಲ್ಲ.

ಬಂಗಿನ ವಿಷಯ ಇನ್ನೂ ಸೂಕ್ಷ್ಮ. ಅಲ್ಲಿ ಬಣ್ಣ ಮಾಡುವ ಜೀವಕೋಶಗಳು ಮೊದಲೇ ಕೆರಳಿರುತ್ತವೆ. ಬಿಸಿಲು ಮಾತ್ರ ಅಲ್ಲ, ಶಾಖ ತಗುಲಿದರೂ ಅವು ಇನ್ನಷ್ಟು ಬಣ್ಣ ಮಾಡುತ್ತವೆ. ಅಡಿಕೆ ಒಲೆ ಮುಂದೆ ಕೂತಾಗ ನನ್ನ ಬಂಗು ಯಾಕೆ ಕಪ್ಪಾಗುತ್ತಿತ್ತು ಅಂತ ಆವತ್ತು ಅರ್ಥವಾಯಿತು. ಅಂಥ ಜಾಗಕ್ಕೆ ಲೆಕ್ಕವಿಲ್ಲದೆ ಬಿಸಿ ಕೊಟ್ಟರೆ ಬಂಗು ಹೆಚ್ಚದೆ ಇನ್ನೇನಾಗುತ್ತದೆ? ಅದಕ್ಕೇ ಬಂಗಿಗೆ ಮೊದಲ ಚಿಕಿತ್ಸೆ ಮೆಷಿನ್ ಅಲ್ಲವೇ ಅಲ್ಲ. ಸನ್‌ಸ್ಕ್ರೀನ್ ಮೊದಲು. ಅದರಲ್ಲೂ ಐರನ್ ಆಕ್ಸೈಡ್ ಇರುವ, ಚರ್ಮದ ಬಣ್ಣದ್ದು ಒಳ್ಳೆಯದು, ಯಾಕೆಂದರೆ ಕಣ್ಣಿಗೆ ಕಾಣುವ ಬೆಳಕೂ ಬಂಗನ್ನು ಹೆಚ್ಚಿಸುತ್ತದೆ. ಆಮೇಲೆ ಡಾಕ್ಟರು ಇಷ್ಟೇ ದಿನ ಅಂತ ಲೆಕ್ಕ ಹಾಕಿ ಕೊಡುವ ಮುಲಾಮು. ಅದಕ್ಕೂ ಬಗ್ಗದಿದ್ದರೆ 1064 ನ್ಯಾನೋಮೀಟರಿನ ಎನ್‌ಡಿ ಯಾಗ್ ಅನ್ನುವ ಬಗೆಯ ಲೇಸರನ್ನು ಕಡಿಮೆ ಶಕ್ತಿಯಲ್ಲಿ ಬಳಸುವುದುಂಟು. ಅದರಲ್ಲೂ ಬಂಗು ಮರಳಿ ಬರುವುದು ಸಾಮಾನ್ಯ, ಜಾಸ್ತಿ ಮಾಡಿಸಿದರೆ ಸಣ್ಣ ಸಣ್ಣ ಬಿಳಿ ಚುಕ್ಕೆ ಬೀಳುವುದೂ ಇದೆ. ‘ಪರ್ಮನೆಂಟ್ ಆಗಿ ಹೋಗುತ್ತೆ’ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಹೆಸರಿಲ್ಲದ ಆ ಡಬ್ಬಿಯಲ್ಲಿ ಸ್ಟೆರಾಯ್ಡ್ ಇರಬಹುದು ಅಂತ ಡಾಕ್ಟರಿಗೆ ಅನುಮಾನ, ತಕ್ಷಣ ನಿಲ್ಲಿಸಿದರು. ನಮ್ಮ ಊರುಗಳಲ್ಲಿ ಬೆಳ್ಳಗಾಗಲು ಅಂತ ಮೆಡಿಕಲ್‌ನಿಂದ ತಂದು ಹಚ್ಚುವ ಟ್ಯೂಬುಗಳಲ್ಲೂ ಎಷ್ಟೋ ಸಲ ಇದೇ ಇರುತ್ತದೆ. ಮೊದಲು ಬೆಳ್ಳಗಾದಂತೆ ಕಾಣುತ್ತದೆ. ಆಮೇಲೆ ಚರ್ಮ ತೆಳ್ಳಗಾಗಿ ರಕ್ತನಾಳ ಕಾಣುತ್ತವೆ, ಮುಖದ ಮೇಲೆ ರೋಮ ಬರುತ್ತದೆ, ಬಿಟ್ಟರೆ ಕೆಂಪಾಗಿ ಉರಿಯುತ್ತದೆ. ಅಂಥದ್ದನ್ನು ಹಚ್ಚುತ್ತಿರುವವರು ಮೆಷಿನ್ ಚಿಕಿತ್ಸೆಗೆ ಹೋಗುವ ಮುಂಚೆ ಟ್ಯೂಬನ್ನೇ ತೆಗೆದುಕೊಂಡು ಹೋಗಿ ಡಾಕ್ಟರಿಗೆ ತೋರಿಸಿ.

ಲೇಸರ್ ಅಂದರೇ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಕಣ್ಣಿನ ಸುತ್ತ ನೀಲಿ ಛಾಯೆ ಬರುವ ನೇವಸ್ ಆಫ್ ಓಟಾಕ್ಕೆ, ಹುಟ್ಟಿನಿಂದ ಬಂದ ಕೆಂಪು ಮಚ್ಚೆಗೆ ಸರಿಯಾದ ಲೇಸರ್ ತುಂಬಾ ಉಪಯೋಗ. ಆದರೆ ಎಲ್ಲ ಕಪ್ಪೂ ಒಂದೇ ಅಲ್ಲ. ಕುತ್ತಿಗೆ ಹಿಂದೆ ದಪ್ಪಗೆ ಕಪ್ಪಾಗಿದ್ದರೆ ಮೊದಲು ಶುಗರ್ ನೋಡಿಸಬೇಕು, ದೇಹದಲ್ಲಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡದಿದ್ದಾಗ ಹಾಗಾಗುತ್ತದೆ. ಬೆಳೆಯುತ್ತಿರುವ, ಬಣ್ಣ ಬದಲಾಗುತ್ತಿರುವ ಮಚ್ಚೆಯನ್ನು ಪರೀಕ್ಷೆ ಇಲ್ಲದೆ ಸುಡಿಸಲೇಬೇಡಿ, ಕ್ಯಾನ್ಸರ್ ಆಗಿದ್ದರೆ ಗುರುತೇ ಸಿಗದೆ ಹೋಗುತ್ತದೆ. ಗಲ್ಲದ ಮೇಲೆ ಕೂದಲು ಬರುತ್ತಿರುವ ಹುಡುಗಿಯರಿಗೆ ಪಿಸಿಒಎಸ್ (ಹಾರ್ಮೋನ್ ಏರುಪೇರಾಗುವ ಅಂಡಾಶಯದ ತೊಂದರೆ) ಇದೆಯಾ ಅಂತ ಮೊದಲು ನೋಡಬೇಕು. ಕೆಲವರಿಗೆ ಕೂದಲು ತೆಗೆಯಲು ಲೇಸರ್ ಮಾಡಿದ ಜಾಗದ ಅಂಚಿನಲ್ಲೇ ಕೂದಲು ಜಾಸ್ತಿ ಆಗುವುದೂ ಇದೆ, ಇದನ್ನು ಪ್ಯಾಕೇಜ್ ಮಾರುವವರು ಹೇಳುವುದಿಲ್ಲ.

ಹೋದ ಕಡೆ ಮುಲಾಜಿಲ್ಲದೆ ಕೇಳಿ. ನನ್ನನ್ನು ನೋಡುವ ಡಾಕ್ಟರು ಚರ್ಮರೋಗದಲ್ಲಿ ಎಂಡಿ ಅಥವಾ ಡಿಪ್ಲೊಮಾ ಮಾಡಿದ್ದಾರಾ? ನೋಂದಣಿ ಸಂಖ್ಯೆ ಏನು? ಮೆಷಿನ್ ಹೆಸರೇನು? ಕಿವಿ ಹಿಂದೆಯೋ ದವಡೆ ಅಂಚಿನಲ್ಲೋ ಒಂದು ಚೂರು ಜಾಗದಲ್ಲಿ ಪರೀಕ್ಷೆ ಮಾಡಿ, ಕೆಲವು ವಾರ ಕಾದು ನೋಡುತ್ತೀರಾ? ಈ ಕೊನೆಯದಕ್ಕೆ ‘ಬೇಕಾಗಿಲ್ಲ’ ಅಂದರೆ ಅಲ್ಲಿ ಕೂರಬೇಡಿ. ಒಂದು ಚೂರು ಜಾಗದಲ್ಲಿ ನೋಡಿದ್ದರೆ ನನ್ನ ಎರಡು ಕೆನ್ನೆ ಉಳಿಯುತ್ತಿದ್ದವು. ದುಡ್ಡು ಜಾಸ್ತಿ ಆಗುತ್ತದೆ ಅನ್ನುವವರಿಗೆ ಶಿವಮೊಗ್ಗದ ಸರ್ಕಾರಿ ಮೆಗ್ಗಾನ್ ಆಸ್ಪತ್ರೆಯಲ್ಲಿ ಚರ್ಮರೋಗ ವಿಭಾಗ ಇದೆ, ಕಲೆ ಏನು ಅಂತ ಮೊದಲು ಅಲ್ಲಿ ತೋರಿಸಬಹುದು.

ಈಗಾಗಲೇ ಸುಟ್ಟಿದ್ದರೆ ಬೊಬ್ಬೆ ಒಡೆಯಬೇಡಿ, ಹಕ್ಕಳೆ ಕೀಳಬೇಡಿ, ನಿಂಬೆರಸ, ಟೂತ್‌ಪೇಸ್ಟ್ ಹಚ್ಚಬೇಡಿ. ತಣ್ಣೀರ ಬಟ್ಟೆ ಇಟ್ಟು ಅವತ್ತೇ ಬೇರೆ ಡಾಕ್ಟರಿಗೆ ತೋರಿಸಿ. ನನ್ನ ಚೌಕಗಳು ಈಗ ಮಸುಕಾಗಿವೆ, ಬೊಬ್ಬೆ ಎದ್ದ ಜಾಗದ ಕಲೆ ಮಾತ್ರ ಹಾಗೇ ಇದೆ.

ಹಣ ವಾಪಸ್ ಕೇಳಿದಾಗ ಉಳಿದ ಸಿಟ್ಟಿಂಗ್ ಮುಗಿಸಿಕೊಳ್ಳಿ ಅಂದರು. ಅದಕ್ಕೇ ದೂರು ಕೊಟ್ಟೆ. ಖಾಸಗಿ ಕ್ಲಿನಿಕ್‌ಗಳು ಕರ್ನಾಟಕದ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ (ಕೆಪಿಎಂಇ) ಕಾಯ್ದೆಯಡಿ ನೋಂದಣಿ ಆಗಿರಲೇಬೇಕು. ದೂರು ಕೇಳಲು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಪ್ರಾಧಿಕಾರ ಇದೆ, ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ. ಪರಿಹಾರಕ್ಕೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಬೇಕು. ಎರಡು ವರ್ಷದೊಳಗೆ ಅರ್ಜಿ ಹಾಕಬೇಕು, ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕ ಇಲ್ಲ. ಎಲ್ಲಿಂದ ಶುರು ಮಾಡಬೇಕು ಅಂತ ತಿಳಿಯದಿದ್ದರೆ ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ನನಗೆ ಬಿಲ್ ಕೊಟ್ಟಿರಲಿಲ್ಲ. ಯುಪಿಐಯಲ್ಲಿ ಹಣ ಹೋದ ದಾಖಲೆ, ಬೊಬ್ಬೆ ಎದ್ದ ಬೆಳಿಗ್ಗೆ ತೆಗೆದ ಫೋಟೋ, ಎರಡನೇ ಡಾಕ್ಟರು ಬರೆದುಕೊಟ್ಟ ಚೀಟಿ, ಆ ಬಿಳಿ ಡಬ್ಬಿ, ಇಷ್ಟನ್ನು ಸೇರಿಸಿ ಕೊಟ್ಟಿದ್ದೇನೆ. ನಿಮ್ಮ ಹತ್ತಿರವೂ ಇಂಥವು ಇದ್ದರೆ ಎಸೆಯಬೇಡಿ.